ಒಂದೇ ಓಡಾಟ

ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಇಂಟರ್ನೆಟ್ ವೈರನ್ನು ಪ್ರತಿಭಾ ಎಲ್ಲರೆದುರಿಗೇ ಕಿತ್ತಳು. ಕಿತ್ತು, ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಚಾಮರಾಜಪೇಟೆಯ ಆ ಎರಡು ಕೋಣೆಯ ಸಾಫ್ಟ್‌ವೇರ್ ಕಂಪನಿಯ ಮಾಲೀಕ ನಂದೀಶ್ ಬೆಚ್ಚಿಬಿದ್ದ. ಎದುರಿಗೆ ಕೂತಿದ್ದವರು ಶಿವಕುಮಾರಿ. ಧರ್ಮಾಸ್ಪತ್ರೆಯೊಂದರ ಚೀಟಿ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿದವರು. ರೋಗಿಗಳು ಮನೆಯಲ್ಲೇ ಕೂತು ಚೀಟಿ ಪಡೆಯುವ ವೆಬ್ ಪುಟವನ್ನು ಕಂಪನಿಗಾಗಿ ಮಾಡುತ್ತಿದ್ದವಳು ಪ್ರತಿಭಾ; ಅದು ಅವರಿಗೆ ಒಪ್ಪಿಗೆಯಾಗಬೇಕಿತ್ತು.

ಹೋದ ಸಲ ಆಗಿರಲಿಲ್ಲ. ವಿಭಾಗ ಒತ್ತಿದರೆ ಪುಟ ಸರ್ವರನ್ನು ಕೇಳುತ್ತಿತ್ತು. ಡಾಕ್ಟರ ಹೆಸರಿಗೆ ಇನ್ನೊಮ್ಮೆ, ದಿನಕ್ಕೆ ಮತ್ತೊಮ್ಮೆ, ಗಂಟೆಗೆ ಮಗದೊಮ್ಮೆ. ಪ್ರತಿ ಸಲವೂ ಆರೇಳು ಸೆಕೆಂಡಿನ ಮೌನ. ಆ ಮೌನದಲ್ಲಿ ಜನ ಸುಮ್ಮನಿರುವುದಿಲ್ಲ, ಮತ್ತೆ ಮತ್ತೆ ಒತ್ತುತ್ತಾರೆ. ಒತ್ತಿದಷ್ಟೂ ಸರ್ವರ್ ಇನ್ನಷ್ಟು ಏದುತ್ತದೆ. ಅಜ್ಜಿ ತಿಮ್ಮಕ್ಕನ ಕೈ ಹಿಡಿದು ಎಷ್ಟೋ ಕೌಂಟರುಗಳ ಮುಂದೆ, ತಲೆ ಎತ್ತದ ಗುಮಾಸ್ತರ ಎದುರು, ಪ್ರತಿಭಾ ಇಂಥದೇ ಮೌನದಲ್ಲಿ ನಿಂತಿದ್ದಳು.

ಕಾಯುವವರಿಗೆ ತಿರುಗುವ ಚಕ್ರವೊಂದನ್ನು ಚೆಂದಗೆ ತೋರಿಸು ಸಾಕು ಎಂದಿದ್ದ ನಂದೀಶ್. ಒಳಗಿನದನ್ನು ಮುಟ್ಟಿದರೆ ಸೋಮವಾರದಿಂದ ಬರಬೇಡ ಎಂದೂ ಹೇಳಿದ್ದ. ಅವಳು ಒಳಗಿನದನ್ನೇ ಮುಟ್ಟಿದಳು. ಓಕಳಿಪುರಂನ ಮನೆಯಿಂದ ತಿಮ್ಮಕ್ಕ ಒಂದು ಕಟ್ಟು ಕೊತ್ತಂಬರಿಗೂ ಎರಡನೇ ಸಲ ರೈಲು ಹಳಿ ದಾಟಿ ಮಾರ್ಕೆಟ್ಟಿಗೆ ಹೋದವಳಲ್ಲ. ವಾರಕ್ಕೆ ಬೇಕಾದ್ದನ್ನೆಲ್ಲ ಹೊರಡುವ ಮೊದಲೇ ಬೆರಳ ಗೆಣ್ಣಿನಲ್ಲಿ ಎಣಿಸಿಕೊಳ್ಳುತ್ತಿದ್ದಳು. ಹಾಗೆಯೇ, ಪುಟ ತೆರೆದ ಕೂಡಲೇ ವಿಭಾಗ, ಡಾಕ್ಟರು, ದಿನ, ಗಂಟೆ ಎಲ್ಲವೂ ಸರ್ವರಿನಿಂದ ಒಂದೇ ಓಡಾಟದಲ್ಲಿ ಬಂದು ಕೂರುವಂತೆ ಪ್ರತಿಭಾ ಮಾಡಿಟ್ಟಳು.

“ನೆಟ್ಟೇ ಇಲ್ದೆ ಏನ್ ತೋರಿಸ್ತೀಯಾ?” ನಂದೀಶ್ ಹಲ್ಲು ಕಚ್ಚಿ ಪಿಸುಗುಟ್ಟಿದ.

“ಒತ್ತಿ ಮೇಡಂ,” ಎಂದಳು ಪ್ರತಿಭಾ ಶಿವಕುಮಾರಿಯವರಿಗೆ, ವೈರು ಕೀಳುವ ಮೊದಲೇ ತೆರೆದಿಟ್ಟಿದ್ದ ಪುಟ ತೋರಿಸಿ.

ಅವರು ಮೂಳೆ ವಿಭಾಗ ಒತ್ತಿದರು. ಬೆರಳು ಎತ್ತುವ ಮೊದಲೇ ಡಾಕ್ಟರ ಹೆಸರುಗಳು ಬಂದವು. ಬೇಕೆಂದೇ ಕಣ್ಣಿನ ವಿಭಾಗಕ್ಕೆ ಹೋದರು, ಮತ್ತೆ ಮೂಳೆಗೆ ಬಂದರು, ದಿನ ಬದಲಿಸಿದರು. ಪುಟ ಎಲ್ಲೂ ಎಡವಲಿಲ್ಲ.

“ನಮ್ಮ ಜನ ಹಿಂಗೇನೆ ಕಣಮ್ಮ, ಹತ್ತು ಸಲ ಮನಸ್ಸು ಬದಲಾಯಿಸ್ತಾರೆ.”

“ಬದಲಾಯಿಸ್ಲಿ ಬಿಡಿ ಮೇಡಂ.”

ನಂದೀಶ್ ಕೈ ಚಾಚಿದ. “ವೈರ್ ಕೊಡು ಪ್ರತಿಭಾ.”

“ಇನ್ನೂ ಬೇಕಾಗಿಲ್ಲ ಸರ್.”

‘ಚೀಟಿ ಕೊಡಿ’ ಎಂಬ ಕೊನೆಯ ಗುಂಡಿಯ ಮೇಲೆ ಶಿವಕುಮಾರಿಯವರ ಬೆರಳು ನಿಂತಿತು. ಅವರು ತಲೆ ಎತ್ತಿ ನೋಡಿದರು. ಅಷ್ಟು ಹೊತ್ತಿಗೆ ಆ ಗಂಟೆ ಬೇರೆಯವರ ಪಾಲಾಗಿರಬಹುದು, ಇದೊಂದನ್ನು ಸರ್ವರನ್ನೇ ಕೇಳಬೇಕು ಎಂದು ಪ್ರತಿಭಾ ವೈರನ್ನು ತಾನೇ ಸಿಕ್ಕಿಸಿದಳು. ಅಂಗೈಯಲ್ಲಿ ಅದರ ತುದಿಯ ಅಚ್ಚು ಕೆಂಪಗೆ ಮೂಡಿತ್ತು. ಚೀಟಿಯ ನಂಬರು ಬಂತು. ಶಿವಕುಮಾರಿಯವರು ಒಪ್ಪಿ ತಲೆಯಾಡಿಸಿದರು.

ಅವಳು ನಂದೀಶನ ಕಡೆ ತಿರುಗಿದಳು. ಅವನು ಪರದೆಯ ಮೇಲಿನ ನಂಬರನ್ನೇ ನೋಡುತ್ತಿದ್ದ. ಆರೇಳು ಸೆಕೆಂಡು ಕಾದಳು.

“ಸೋಮವಾರ ಒಂಬತ್ತಕ್ಕೆ ಬರ್ತೀನಿ ಸರ್,” ಎಂದು ಬ್ಯಾಗು ಹೆಗಲಿಗೇರಿಸಿದಳು.