ಗೋಪುರದ ಹಿಂದಿನ ಮನೆ

ಒದ್ದೆ ಹಾಸಿಗೆ ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಗಂಡನ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುವುದು ರೂಢಿ.

"ಬಲಗಡೆಗೆ ತಿರುಗಿಸ್ರೀ. ಇನ್ನೂ ಎಷ್ಟು ವರ್ಷ ಹೇಳಿಕೊಡ್ಬೇಕು ನಿಮಗೆ?"

"ಊರಿನ ಗಡಿಯಾರಕ್ಕೇ ಕೀಲಿ ಕೊಟ್ಟ ಕೈ ಕಣೇ ಇದು" ಎಂದು ಅವನು ನಕ್ಕ. ನಗು ಮುಗಿಯುವ ಮೊದಲೇ ಅವನ ತುದಿ ಸಡಿಲವಾಯಿತು. ಬಟ್ಟೆ ನೆಲಕ್ಕೆ ಬಿತ್ತು. ಅದರ ಮೇಲೆ ಅವನು.

ಆಂಬುಲೆನ್ಸಿನವನು ಫೋನಿನಲ್ಲಿ ವಿಳಾಸ ಕೇಳಿದಾಗ ಅವಳು ಉಸಿರು ಬಿಡದೆ ಹೇಳಿದಳು: "ಗಡಿಯಾರದ ಗೋಪುರದ ಹಿಂದೆ, ಟಾಕೀಸಿನ ಪಕ್ಕದ ಓಣಿ, ಜೋಡಿ ನಲ್ಲಿಯ ಎದುರು ಮನೆ. ಬೇಗ ಬಾಪ್ಪಾ."

ಮದುವೆಯಾಗಿ ಬಂದಾಗಿನಿಂದ ಅವಳು ಎಲ್ಲರಿಗೂ ಹೇಳಿದ ವಿಳಾಸ ಅದೊಂದೇ. ಗೋಪುರದ ಗಡಿಯಾರ ನೋಡಿಕೊಳ್ಳುವುದು ಗಂಡನ ಕೆಲಸವಾಗಿತ್ತು. ಯಾರಾದರೂ ಮನೆ ಸಿಗಲಿಲ್ಲವೆಂದರೆ, "ಗೋಪುರ ಕಾಣದೋನಿಗೆ ನಮ್ಮನೆ ಯಾಕೆ, ಕಣ್ಣಿನ ಆಸ್ಪತ್ರೆ ತೋರಿಸು" ಅನ್ನುತ್ತಿದ್ದ. ಗೋಪುರ ಕೆಡವಿದ ಮೇಲೂ ಹಾಲಿನವನು, ದರ್ಜಿ, ಓಣಿಯ ಹೆಂಗಸರು, ಎಲ್ಲರ ಬಾಯಲ್ಲೂ ಆ ವಿಳಾಸ ಹಾಗೇ ಉಳಿದಿತ್ತು.

ಫೋನು ಮತ್ತೆ ಬಡಿದುಕೊಂಡಿತು. "ಅಮ್ಮ, ಇಲ್ಲಿ ಯಾವ ಗೋಪುರಾನೂ ಇಲ್ಲ."

"ಇದೆಯಪ್ಪ, ಚೌಕದಲ್ಲೇ..." ಅವಳು ತಿದ್ದಿಕೊಂಡಳು. "ಇತ್ತು."

"ಟಾಕೀಸು?"

"ಅದೂ ಇತ್ತು."

"ಮನೆ ನಂಬರಾದ್ರೂ ಹೇಳಿ."

"ಹದಿನಾರು."

"ಹಳೇ ನಂಬರಾ, ಹೊಸದಾ?"

ಹೊಸದೊಂದು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

"ಈಗ ಅಲ್ಲಿ ಏನಿದೆ, ಅದನ್ನ ನೋಡಿ ಹೇಳಿ."

ಅವಳು ಫೋನು ಹಿಡಿದೇ ಬರಿಗಾಲಲ್ಲಿ ಚೌಕಕ್ಕೆ ಓಡಿದಳು. ತರಕಾರಿ ಚೀಲ ಹಿಡಿದು ದಿನಾ ಓಡಾಡುವ ಚೌಕ. ಈ ಕಟ್ಟಡಗಳಿಗೂ ಹೆಸರಿರಬಹುದೆಂದು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಈಗ ನೋಡಿದರೆ ಕಣ್ಣಿಗೆ ಕತ್ತಲೆ ಕವಿದು ಒಂದಕ್ಷರವೂ ಹಿಡಿಯಲಿಲ್ಲ.

"ಏನೋ ಎತ್ತರದ್ದು ಕಣಪ್ಪ, ಗಾಜಿಂದು."

"ಇಲ್ಲಿ ಎಲ್ಲಾ ಗಾಜಿಂದೇ ಅಮ್ಮ."

ಸೈರನ್ನು ಹತ್ತಿರ ಬಂತು. ಮತ್ತೆ ದೂರವಾಯಿತು.

ಕೊನೆಗೆ ಅವಳೇ ದೊಡ್ಡ ರಸ್ತೆಯಲ್ಲಿ ಆ ಗಾಡಿಗೆ ಅಡ್ಡ ನಿಂತು, ಮುಂದೆ ಮುಂದೆ ಓಡಿ ಕರೆತಂದಳು. ಬಂದವನು ಒದ್ದೆ ಬಟ್ಟೆಯ ಪಕ್ಕ ಮಂಡಿಯೂರಿ ನಾಡಿ ಹಿಡಿದ, ಎದೆಗೆ ಕಿವಿ ಇಟ್ಟ, ಎದ್ದು ನಿಂತ. ಡ್ರೈವರ್ ಹೊರಡುವಾಗ ತಲೆ ತಗ್ಗಿಸಿಕೊಂಡೇ ಹೇಳಿದ: "ನೀಲಿ ಬೋರ್ಡಿನ ಬ್ಯಾಂಕಿನ ಹಿಂದೆ ಅಂದಿದ್ರೆ ಸಾಕಿತ್ತಮ್ಮ."

ಸಂಜೆ ಬೇರೆ ಊರಿನಿಂದ ಮೈದುನ ಬಂದ. ಬಾಗಿಲ ಬಳಿ ನಿಂತು ಒಬ್ಬೊಬ್ಬರಿಗೇ ಫೋನು ಮಾಡಿದ. "ಅದೇ ಮನೆ. ಗೋಪುರದ ಹಿಂದೆ." ಹಿಂದೆ ಈ ಓಣಿಯಲ್ಲಿದ್ದು ಎಲ್ಲೆಲ್ಲಿಗೋ ಚದುರಿ ಹೋದ ನೆಂಟರು, ವಯಸ್ಸಾದವರು, ಕಣ್ಣು ಸರಿಯಾಗಿ ಕಾಣದವರು ಕೂಡ, ಒಬ್ಬರೂ ದಾರಿ ತಪ್ಪದೆ ಬಂದರು. ಅವಳು ಗಂಡನ ತಲೆಯ ಹತ್ತಿರ ಕೂತು ಒಬ್ಬೊಬ್ಬರು ಬರುವುದನ್ನೂ ನೋಡಿದಳು.

"ಗಾಡಿ ಅಷ್ಟು ಹೊತ್ತು ಯಾಕೆ ತಡ ಮಾಡ್ತು ಅತ್ತಿಗೆ?"

"ಟ್ರಾಫಿಕ್ಕು."

ಕತ್ತಲಾಗುವ ಹೊತ್ತಿಗೆ, ಗಂಡನನ್ನು ಸ್ಮಶಾನಕ್ಕೆ ಒಯ್ಯುವ ಗಾಡಿಯವನ ಫೋನು ಬಂತು. ಮೈದುನ ಗೋಪುರ ಎಂದ, ಟಾಕೀಸು ಎಂದ, ಜೋಡಿ ನಲ್ಲಿ ಎಂದ. ಆಮೇಲೆ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಬಂದ.

"ಅತ್ತಿಗೆ, ಅವನಿಗೆ ದಾರಿ ಗೊತ್ತಾಗ್ತಿಲ್ವಂತೆ. ಅಲ್ಲಿ ಈಗ ಏನಿದೆ, ನಿಮಗೆ ಗೊತ್ತಾ?"

ನೀಲಿ ಬೋರ್ಡು ನಾಲಿಗೆಯ ತುದಿಗೆ ಬಂತು. ಅವಳು ಗಂಡನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಗೊತ್ತಿಲ್ಲಪ್ಪ" ಎಂದಳು.

ಹೊರಗೆ ಗಾಡಿಯ ಸದ್ದು ಹತ್ತಿರ ಬಂತು. ಮತ್ತೆ ದೂರವಾಯಿತು.