ಗೆರೆಯಾಚೆ ಬಿಟ್ಟ ಬೂಟು

ಆಟ ಶುರುವಾಗುವ ಮೊದಲೇ ರೆಫರಿ ಸೀಟಿ ಊದಿ ದೂಜನ ಬರಿಗಾಲು ತೋರಿಸಿದ. ಹೊಸ ಫುಟ್‌ಬಾಲ್ ಬೂಟುಗಳನ್ನು ದೇವಸ್ಥಾನದ ಹೊರಗೆ ಬಿಟ್ಟಂತೆ ಗೆರೆಯಾಚೆ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ದೂಜ ಒಳಗೆ ಬಂದಿದ್ದ. ಬರಿಗಾಲಲ್ಲೇ ಆಡಿ ಹನ್ನೆರಡು ವರ್ಷದ ಅಭ್ಯಾಸ.

"ಹಾಕಿ ಬನ್ನಿ ದೂಜಣ್ಣ," ಎಂದ ಕ್ಯಾಪ್ಟನ್ ಅಣ್ಣು. "ಈ ವರ್ಷದಿಂದ ಬರಿಗಾಲಲ್ಲಿ ಆಡ್ಲಿಕ್ಕೆ ಬಿಡುದಿಲ್ಲ ಮಾರಾಯ್ರೆ."

ದೂಜ ಲೇಸು ಬಿಗಿದ. ಮುಂಬಯಿಯ ಆಂಟಾಪ್ ಹಿಲ್‌ನ ಆ ಮೈದಾನದ ಒಂದೊಂದು ಕಲ್ಲೂ ಅವನ ಹೆಬ್ಬೆರಳಿಗೆ ಗೊತ್ತಿತ್ತು. ಮೊದಲ ಪಾಸು ಬಂದದ್ದೇ ಒದ್ದ. ಚೆಂಡು ನೇರ ಗೋಲಿನೊಳಗೆ ಹೋಯಿತು. ಜನ ಅವನ ಹೆಸರು ಹಿಡಿದು ಕೂಗಿದರು.

ಅಣ್ಣು ಓಡಿ ಬಂದು ತಬ್ಬಿಕೊಂಡ. ದೂಜ ಮಾತ್ರ ಬೂಟನ್ನೇ ನೋಡುತ್ತಿದ್ದ.

"ಚೆಂಡು ನನ್ನ ಕಾಲಿಗೆ ತಾಗಿದ್ದು ಹೌದಾ, ಅಣ್ಣು?"