ಅನಿಲ ಬಾವಿಯ ಅಹವಾಲು

ಮೊದಲ ಏಟು ಆನಂದನ ಮಂಡಿಗೆ ಬಿತ್ತು. ಅವನ ಕೈಚೀಲ ಹಾರಿ ಎರಡು ಬಾಟಲಿ ಒಡೆದವು. ಭದ್ರಾವತಿಯ ಕಲ್ಯಾಣ ಮಂಟಪದ ಹಿತ್ತಲೆಲ್ಲ ಪೆಟ್ರೋಲ್ ವಾಸನೆ.

"ಏನ್ ಮಾರಾಯ, ಅಡುಗೆಮನೆ ಕಡೆಯಿಂದ ಬರ್ತಿದ್ದೀಯ? ಊಟಕ್ಕಿನ್ನೂ ಟೈಮಿದೆ," ಎಂದ ಚಂದ್ರು. ಅವನ ಕೈಯಲ್ಲಿ ಕಬ್ಬಿಣದ ಪೈಪಿತ್ತು. ಬೆನ್ನಿಗೆ ನಾಲ್ವರಿದ್ದರು.

ಚಂದ್ರು ರೌಡಿ ಶೀಟರ್. ಕೂಲಿಗಳ ಮುಷ್ಕರ ಮುರಿಯಬೇಕಾದಾಗ ಗುತ್ತಿಗೆದಾರರು ಅವನನ್ನು ಕರೆಸುತ್ತಿದ್ದರು. ಬೆಳಿಗ್ಗೆ ಅವನು ಜೀಪಿನಿಂದ ಇಳಿದಾಗಲೇ ಮಂಟಪದ ಸಭೆಗೆ ಬಂದಿದ್ದ ಹಳ್ಳಿಯವರು ಮಾತಾಡಿಕೊಂಡಿದ್ದರು: ಅನಿಲ ಕಂಪನಿ ಆಳು ತರಿಸಿದೆ.

"ಕಂಪನಿ ನಾಯಿ," ಎಂದು ಆನಂದ ಉಗಿದ.

"ಯಾರ ನಾಯಿ ಆದ್ರೇನು? ಕಚ್ಚಿದ್ರೆ ನೋವು ಅಷ್ಟೇ."

ಆನಂದನ ಜೊತೆ ಬಂದಿದ್ದ ಇಬ್ಬರು ಕುಡುಗೋಲು ಎತ್ತಿದರು. ಒಬ್ಬನ ದವಡೆಗೆ ಪೈಪು ಬಡಿಯಿತು. ಎರಡು ಹಲ್ಲು ರಕ್ತದ ಜೊತೆ ಸಿಮೆಂಟಿನ ಮೇಲೆ ಉದುರಿದವು. ಇನ್ನೊಬ್ಬ ಕುಡುಗೋಲು ಬಿಸಾಡಿ ಕಾಂಪೌಂಡ್ ಹಾರಿದ. ಪೊಲೀಸರೆಲ್ಲ ಮುಂಬಾಗಿಲಲ್ಲಿ ಮತ್ತು ವೇದಿಕೆಯ ಬಳಿ ಇದ್ದರು.

ಒಳಗೆ ಆನಂದನ ಅಕ್ಕ ಸಂಧ್ಯಾ ಮೈಕಿನ ಮುಂದೆ ನಿಂತಿದ್ದಳು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ವಕೀಲೆ. ಅವಳ ತವರಿನ ಗದ್ದೆಗಳಲ್ಲಿ ಬಾವಿ ಕೊರೆದು, ರಾಸಾಯನಿಕ ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ, ಬಂಡೆ ಸೀಳಿ ಅನಿಲ ತೆಗೆಯುವ ಯೋಜನೆ ಬಂದಿತ್ತು. ಹಳ್ಳಿ ಕುಡಿಯುವುದು ಬೋರ್‌ವೆಲ್ ನೀರು. ಅದು ಕೆಟ್ಟರೆ ಬೇರೆ ನೀರಿಲ್ಲ. ಹಳ್ಳಿಯವರ ಆಕ್ಷೇಪಣೆ ಕಂಪನಿಯ ಎದುರೇ ದಾಖಲಾಗಲು ಇದ್ದದ್ದು ಈ ಒಂದು ಸಾರ್ವಜನಿಕ ಅಹವಾಲು ಸಭೆ.

"ಗಲಾಟೆಯಿಂದ ಜನ ಮಾತಾಡೋಕೆ ಆಗ್ಲಿಲ್ಲ ಅಂದ್ರೆ ನಾನು ಹಾಗೇ ವರದಿ ಕಳಿಸ್ಬೇಕಾಗುತ್ತೆ," ಎಂದು ಅಪರ ಜಿಲ್ಲಾಧಿಕಾರಿ ಆರಂಭದಲ್ಲೇ ಎಚ್ಚರಿಸಿದ್ದರು. "ಆಮೇಲೆ ಸಭೆ ಇಲ್ಲದೇನೇ ಯೋಜನೆ ಮುಂದಕ್ಕೆ ಹೋಗಬಹುದು. ನಿಯಮದಲ್ಲಿ ಅವಕಾಶ ಇದೆ."

ಸಂಧ್ಯಾ ಇದನ್ನೇ ತಮ್ಮನಿಗೆ ಎಷ್ಟೋ ಸಲ ಹೇಳಿದ್ದಳು. ಅವನು ನಕ್ಕಿದ್ದ. "ವೇದಿಕೆಗೆ ಬೆಂಕಿ ಬಿದ್ರೆ ಕಂಪನಿಯೋರು ಈ ಕಡೆ ತಲೆ ಹಾಕಲ್ಲ ಅಕ್ಕ." ಕೊನೆಗೆ ಅವಳು ವಾದ ಬಿಟ್ಟಿದ್ದಳು. ಮುಂದೆ ಪೊಲೀಸರು ಚೀಲ ತಪಾಸಣೆ ಮಾಡುತ್ತಾರೆ, ಹಿಂದಿನಿಂದ ಬಾ ಎಂದಿದ್ದಳು.

"ಬಾವಿಯಿಂದ ವಾಪಸ್ ಬರೋ ವಿಷದ ನೀರನ್ನ ಎಲ್ಲಿ ಬಿಡ್ತೀರಿ?" ಎಂದು ಅವಳು ಕೇಳಿದಳು.

ಹಿತ್ತಲಲ್ಲಿ ಆನಂದ ಉಳಿದಿದ್ದ ಒಂದು ಬಾಟಲಿ ಹಿಡಿದು ಬಾಗಿಲಿನತ್ತ ತೆವಳಿದ. ಪೈಪು ಮತ್ತೆ ಇಳಿಯಿತು. ಮುಂಗೈ ಮೂಳೆ ಚರ್ಮ ಸೀಳಿ ಹೊರಬಂತು. ಒದ್ದಾಡುವಾಗ ಅವನ ಕಾಲು ತಗುಲಿ ಅನ್ನದ ಕೊಳಗ ಉರುಳಿತು. ಆ ಸದ್ದಿನೊಳಗೇ ಅವನ ಚೀತ್ಕಾರ ಸಭಾಂಗಣದವರೆಗೂ ಕೇಳಿಸಿತು.

ಕಂಪನಿಯ ಮ್ಯಾನೇಜರ್ ನಿರಂಜನ ತಟ್ಟನೆ ಎದ್ದ. "ಹೊರಗೆ ಹೊಡೆದಾಟ ಆಗ್ತಿದೆ ಸಾರ್. ಸಭೆ ನಿಲ್ಸೋದು ಒಳ್ಳೇದು."

"ಪಾತ್ರೆ ಬಿತ್ತು ಸಾರ್. ಪಾತ್ರೆ ಬಿದ್ರೂ ಸಭೆ ನಿಲ್ಸಬೇಕಾ?" ಎಂದಳು ಸಂಧ್ಯಾ. ಅವಳು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಉತ್ತರ ಕೊಡ್ಲಿ."

ವಿಡಿಯೊ ಕ್ಯಾಮೆರಾ ಓಡುತ್ತಿತ್ತು. ಅಧಿಕಾರಿ ನಿರಂಜನನತ್ತ ನೋಡಿದರು.

"ಅದಕ್ಕೆ ಜಾಗ... ಇನ್ನೂ ಗುರುತಿಸಿಲ್ಲ."

ಸಭೆ ಭೋರ್ಗರೆಯಿತು. ಆ ಮಾತು ದಾಖಲಾಯಿತು.

ಸಂಜೆ ಶಿವಮೊಗ್ಗದ ಸವಳಂಗ ರಸ್ತೆಯ ಆಸ್ಪತ್ರೆಯಲ್ಲಿ ಆನಂದ ಕಣ್ಣು ತೆರೆದ. ಕೈಗೂ ಕಾಲಿಗೂ ಬ್ಯಾಂಡೇಜು.

"ಕಂಪನಿಯೋರು ಕೊಂದೇ ಬಿಡ್ತಿದ್ರು ಅಕ್ಕ. ನೀನು ಮಾತ್ರ ಬಿಡ್ಲಿಲ್ಲವಂತೆ. ಅವರ ಬಾಯಿಂದಲೇ ಹೇಳಿಸಿದ್ಯಂತೆ. ಭೇಷ್!"

ಅವಳು ಅವನ ಹಣೆ ಒರೆಸಿದಳು. ಎದ್ದು ಹೊರಬಂದಳು.

ಗೇಟಿನ ಬಳಿ ಚಂದ್ರು ಜೀಪಿಗೆ ಒರಗಿ ನಿಂತಿದ್ದ. ಸಂಧ್ಯಾ ನೇರ ಹೋಗಿ ಅವನ ಕಪಾಳಕ್ಕೆ ಬಾರಿಸಿದಳು. ಅವನು ಕೈ ಎತ್ತಲಿಲ್ಲ.

"ಮಂಡಿ ಒಡೆದ್ರೂ ತೆವಳ್ತಿದ್ದ ಅಕ್ಕ," ಎಂದ ಕೆನ್ನೆ ಸವರಿಕೊಳ್ಳುತ್ತ. "ಏನೇ ಆದ್ರೂ ವೇದಿಕೆ ತನಕ ಬಿಡಬೇಡಿ ಅಂತ ನಮ್ಮನ್ನ ಕರೆಸಿದ್ದು ನೀವೇ ಅಲ್ವಾ?"